ಧಾರವಾಡದಲ್ಲಿ ಹುಟ್ಟಿದ ಬೌಲರ್: ಪಾಲ್ವಂಕರ್ ಬಾಲೂ ಅವರಿಂದ ನಾನು ಕಲಿತದ್ದು



ಕಳೆದ ಡಿಸೆಂಬರ್‌ನಲ್ಲಿ ನಮ್ಮ ಕಾಲೇಜಿನ ಕ್ರಿಕೆಟ್ ತಂಡ ದೇವನಹಳ್ಳಿಗೆ ಹೋಗಿ ಸೌಹಾರ್ದ ಪಂದ್ಯವೊಂದರಲ್ಲಿ ಸೋತು ಬಂದದ್ದು ನಿಮಗೆಲ್ಲ ಗೊತ್ತೇ ಇದೆ. ಆ ತಂಡದ ನಾಯಕ ನಾನು. ಸೋಲಿಗೆ ಮರುದಿನ ಕಾಲೇಜಿನಲ್ಲಿ ಬೇಕಾದಷ್ಟು ಕಾರಣ ಕೇಳಿಬಂದವು. ಮ್ಯಾಟ್ ಸರಿಯಾಗಿ ಹಾಸಿರಲಿಲ್ಲ, ಚೆಂಡು ಹಳೆಯದು, ಬಿಸಿಲು ಜಾಸ್ತಿ ಇತ್ತು ಎಂದೆಲ್ಲ ಹೇಳಿದರು. ನಾನೂ ತಲೆಯಾಡಿಸಿದೆ. ಆದರೆ ದೊಡ್ಡಬಳ್ಳಾಪುರಕ್ಕೆ ವಾಪಸ್ ಬರುವಾಗ ಬಸ್ಸಿನಲ್ಲಿ ನಮ್ಮ ದೈಹಿಕ ಶಿಕ್ಷಣದ ಸರ್ ನನ್ನ ಪಕ್ಕ ಕುಳಿತು ಸೋಲಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಪಾಲ್ವಂಕರ್ ಬಾಲೂ ಎಂಬ ಹೆಸರು ಕೇಳಿದ್ದೀಯಾ ಎಂದಷ್ಟೇ ಕೇಳಿದರು. ನಾನು ಕೇಳಿರಲಿಲ್ಲ. ಕ್ರಿಕೆಟ್ ಆಡುವವನು ಆ ಹೆಸರು ತಿಳಿದಿರಬೇಕು ಎಂದು ಹೇಳಿ ಸುಮ್ಮನಾದರು.

ಚಳಿಗಾಲದ ರಜೆಯಲ್ಲಿ ನಾನು ಬಾಲೂ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಅವರ ಬದುಕನ್ನು ನಿಮಗೂ ಹೇಳಬೇಕೆಂದು ಈ ಲೇಖನ ಬರೆಯುತ್ತಿದ್ದೇನೆ. ಸರ್ ಆ ಪ್ರಶ್ನೆಯನ್ನು ನನಗೇ ಯಾಕೆ ಕೇಳಿದರು ಎಂಬುದೂ ಇದರಲ್ಲಿ ಇದೆ.

ಬಾಲೂ ಹುಟ್ಟಿದ್ದು ನಮ್ಮ ಕರ್ನಾಟಕದ ಧಾರವಾಡದಲ್ಲಿ, 1876ರಲ್ಲಿ. ಆಗ ಧಾರವಾಡ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತ್ತು. ಅವರ ಪೂರ್ವಿಕರ ಊರು ಕೊಂಕಣದ ಪಾಲ್ವಣ್. ಪಾಲ್ವಂಕರ್ ಎಂಬ ಅಡ್ಡಹೆಸರು ಬಂದದ್ದು ಆ ಊರಿನಿಂದ. ತಂದೆ ಬ್ರಿಟಿಷರ ಸೈನ್ಯದಲ್ಲಿ ಕೆಲಸಕ್ಕಿದ್ದರು. ಚರ್ಮದ ಕೆಲಸ ಮಾಡುವ ದಲಿತ ಸಮುದಾಯದ ಕುಟುಂಬ ಅದು. ಆ ಕಾಲದಲ್ಲಿ ಅವರು ಮುಟ್ಟಿದ ನೀರನ್ನು ಬೇರೆಯವರು ಕುಡಿಯುತ್ತಿರಲಿಲ್ಲ, ಅವರ ನೆರಳು ಬಿದ್ದರೂ ಮೈಲಿಗೆ ಎನ್ನುವವರಿದ್ದರು.

ಕುಟುಂಬ ಪುಣೆಗೆ ಹೋಯಿತು. ಅಲ್ಲಿ ಬ್ರಿಟಿಷ್ ಅಧಿಕಾರಿಗಳು ಆಡಿ ಬಿಟ್ಟ ಹಳೆಯ ಬ್ಯಾಟು, ಚೆಂಡುಗಳಲ್ಲಿ ಬಾಲೂ ಮತ್ತು ತಮ್ಮ ಶಿವರಾಮ್ ಆಟ ಕಲಿತರು. ಬಾಲೂಗೆ ಸಿಕ್ಕ ಮೊದಲ ಕೆಲಸವೂ ಕ್ರಿಕೆಟ್ ಮೈದಾನದ್ದೇ, ಆದರೆ ಆಡುವ ಕೆಲಸವಲ್ಲ. ಪಾರ್ಸಿಗಳ ಒಂದು ಕ್ಲಬ್ಬಿನಲ್ಲಿ ಪಿಚ್ ಗುಡಿಸಿ, ರೋಲರ್ ಎಳೆಯಬೇಕಿತ್ತು. ತಿಂಗಳಿಗೆ 3 ರೂಪಾಯಿ ಸಂಬಳ. 1892ರ ಸುಮಾರಿಗೆ ಯುರೋಪಿಯನ್ನರ ಪೂನಾ ಕ್ಲಬ್‌ಗೆ ಸೇರಿದರು, ಸಂಬಳ 4 ರೂಪಾಯಿಗೆ ಏರಿತು. ಅಲ್ಲಿ ಪಿಚ್ ಸಿದ್ಧಪಡಿಸುವುದು, ನೆಟ್ ಕಟ್ಟುವುದು, ಗೆರೆ ಹಾಕುವುದು ಅವರ ಕೆಲಸ. ಬಿಡುವಾದಾಗ ಕ್ಲಬ್ಬಿನ ಸದಸ್ಯರಿಗೆ ಅಭ್ಯಾಸಕ್ಕಾಗಿ ಚೆಂಡೆಸೆಯುತ್ತಿದ್ದರು.

ಆ ಹುಡುಗನ ಎಡಗೈಯಲ್ಲಿ ವಿಶೇಷವಿದೆ ಎಂದು ಅಲ್ಲಿಯ ಆಟಗಾರರು ಬೇಗ ಗುರುತಿಸಿದರು. ಬಾಲೂ ಎಡಗೈ ನಿಧಾನಗತಿಯ ಬೌಲರ್. ಚೆಂಡನ್ನು ಎರಡೂ ಕಡೆ ತಿರುಗಿಸಬಲ್ಲವರಾಗಿದ್ದರು, ವೇಗ ಬದಲಿಸುತ್ತಿದ್ದರು. ಆಗ ಭಾರತದಲ್ಲಿದ್ದ ಯುರೋಪಿಯನ್ ಬ್ಯಾಟ್ಸ್‌ಮನ್‌ಗಳಲ್ಲಿ ಬಹಳ ಹೆಸರಾಗಿದ್ದವರು ಜೆ. ಜಿ. ಗ್ರೆಗ್. ಅವರು ಉಳಿದವರಿಗಿಂತ ಒಂದು ಗಂಟೆ ಮೊದಲೇ ಮೈದಾನಕ್ಕೆ ಬಂದು ಬಾಲೂ ಅವರಿಂದ ಬೌಲಿಂಗ್ ಮಾಡಿಸಿಕೊಳ್ಳುತ್ತಿದ್ದರಂತೆ. ತನ್ನನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದರು ಎಂದು ಹೇಳುತ್ತಾರೆ. ಆ ಎಂಟಾಣೆಗಳು ಬಾಲೂ ಅವರ ಸಂಬಳಕ್ಕಿಂತ ಹೆಚ್ಚಾದ ತಿಂಗಳುಗಳೂ ಇದ್ದಿರಬಹುದು.

ಹೀಗೆ ನೂರಾರು ಗಂಟೆ ಬೌಲಿಂಗ್ ಮಾಡಿದರೂ ಪೂನಾ ಕ್ಲಬ್ಬಿನ ನೆಟ್‌ನಲ್ಲಿ ಬಾಲೂಗೆ ಬ್ಯಾಟ್ ಹಿಡಿಯುವ ಅವಕಾಶ ಸಿಗಲಿಲ್ಲ. ಬ್ಯಾಟಿಂಗ್ ಯಜಮಾನರ ಪಾಲು, ಚೆಂಡು ಹಾಕಿ ಹೆಕ್ಕುವುದು ಆಳುಗಳ ಪಾಲು ಎಂಬುದು ಆಗಿನ ಪದ್ಧತಿ.

ಈ ಸಾಲು ಓದಿದಾಗ ನಾನು ಪುಸ್ತಕ ಮುಚ್ಚಿಬಿಟ್ಟೆ. ಸರ್ ಯಾಕೆ ಆ ಹೆಸರು ಕೇಳಿದರು ಎಂದು ಆಗ ಅರ್ಥವಾಯಿತು.

ನಮ್ಮ ತಂಡದ ಅಭ್ಯಾಸಕ್ಕೆ ಪ್ರಥಮ ಪಿಯು ಹುಡುಗನೊಬ್ಬ ಬರುತ್ತಿದ್ದ. ಸಾಸಲು ಕಡೆಯ ಹಳ್ಳಿಯವನು. ನಾಲ್ಕು ಗಂಟೆಗೆ ಕಾಲೇಜು ಬಿಟ್ಟ ಕೂಡಲೇ ಬಂದು ಸ್ಟಂಪ್ ನೆಡುತ್ತಿದ್ದ, ನಂತರ ನಮಗೆ ಬೌಲಿಂಗ್ ಮಾಡುತ್ತಿದ್ದ. ಅವನ ಆಫ್ ಸ್ಪಿನ್‌ಗೆ ನಾನೇ ಎಷ್ಟೋ ಸಲ ಬೌಲ್ಡ್ ಆಗಿದ್ದೇನೆ. ನಮ್ಮ ನೆಟ್‌ನಲ್ಲಿ ಬ್ಯಾಟಿಂಗ್ ಸರದಿ ದ್ವಿತೀಯ ಪಿಯು ಹುಡುಗರಿಂದ ಶುರುವಾಗುತ್ತದೆ. ಪ್ರಥಮ ಪಿಯು ಸರದಿ ಬರುವಷ್ಟರಲ್ಲಿ ಐದೂವರೆ ಆಗುತ್ತದೆ. ಅವನ ಬಸ್ಸು ಐದೂಕಾಲಿಗೆ. ಆ ಬಸ್ಸು ತಪ್ಪಿದರೆ ಮನೆ ಸೇರುವಾಗ ರಾತ್ರಿ. ಅವನು ದಿನವೂ ಚೆಂಡನ್ನು ನನ್ನ ಕೈಗೆ ಕೊಟ್ಟು ಬ್ಯಾಗ್ ಎತ್ತಿಕೊಂಡು ಓಡುತ್ತಿದ್ದ. ನಾಲ್ಕು ತಿಂಗಳಲ್ಲಿ ಅವನು ನೆಟ್‌ನಲ್ಲಿ ಒಂದು ಸಲವೂ ಬ್ಯಾಟ್ ಹಿಡಿದದ್ದನ್ನು ನಾನು ನೋಡಿಲ್ಲ.

ದೇವನಹಳ್ಳಿ ಪಂದ್ಯಕ್ಕೆ ಹನ್ನೊಂದು ಜನರನ್ನು ಆರಿಸುವಾಗ ಕೊನೆಯ ಒಂದು ಸ್ಥಾನಕ್ಕೆ ಅವನ ಹೆಸರೂ ನನ್ನ ತರಗತಿಯ ಗೆಳೆಯನ ಹೆಸರೂ ಇದ್ದವು. ಇವನು ಬ್ಯಾಟಿಂಗ್ ಮಾಡುವುದನ್ನು ನಾವು ನೋಡೇ ಇಲ್ಲ ಎಂದು ನಾನು ಗೆಳೆಯನ ಹೆಸರು ಬರೆದೆ. ಯಾರೂ ಬೇಡ ಅನ್ನಲಿಲ್ಲ. ಆ ಹುಡುಗನೂ ಏನೂ ಕೇಳಲಿಲ್ಲ. ಪಂದ್ಯದ ದಿನ ಅವನು ಬೆಳಿಗ್ಗೆಯೇ ಬಂದು ಕಿಟ್ ಬ್ಯಾಗನ್ನು ಬಸ್ಸಿಗೆ ಹಾಕಿದ, ಹನ್ನೆರಡನೆಯವನಾಗಿ ನೀರು ಕೊಟ್ಟ. ಎದುರಾಳಿಗಳು ನಮ್ಮ ವೇಗದ ಬೌಲರ್‌ಗಳನ್ನು ಸುಲಭವಾಗಿ ಹೊಡೆದರು. ಚೆಂಡು ನಿಧಾನವಾಗಿ ತಿರುಗುತ್ತಿದ್ದ ಆ ಮೈದಾನದಲ್ಲಿ ನಮಗೆ ಬೇಕಾಗಿದ್ದ ಬೌಲರ್ ಗೆರೆಯ ಆಚೆ ಬಾಟಲಿ ಹಿಡಿದು ಕುಳಿತಿದ್ದ.

ಅವನನ್ನು ಬಾಲೂ ಅವರಿಗೆ ಹೋಲಿಸುವುದು ಸರಿಯಲ್ಲ, ನನಗೆ ಗೊತ್ತು. ಬಾಲೂ ಅನುಭವಿಸಿದ್ದು ಜಾತಿಯ ಅವಮಾನ. ನಮ್ಮಲ್ಲಿ ಯಾರಿಗೂ ಬೇರೆ ಲೋಟ ಇಲ್ಲ. ಕಾಲೇಜಿನಲ್ಲಿ ಇಫ್ತಾರ್ ಇದ್ದ ದಿನ ಒಂದೇ ದೊಡ್ಡ ತಟ್ಟೆಯ ಸುತ್ತ ನಾಲ್ಕೈದು ಜನ ಕುಳಿತು ತಿನ್ನುತ್ತೇವೆ, ಬೇರೆ ಧರ್ಮದ ಸ್ನೇಹಿತರೂ ಬರುತ್ತಾರೆ. ಹಾಗಾಗಿಯೇ ಇಂಥ ಕಥೆ ನಮಗೆ ಸಂಬಂಧಿಸಿದ್ದಲ್ಲ ಎಂದು ನಾನು ಅಂದುಕೊಂಡಿದ್ದೆ. ಆದರೆ ಒಬ್ಬನ ಕೆಲಸ ಬಳಸಿಕೊಂಡು ಅವನ ಸರದಿ ಬಂದಾಗ ಗಮನಿಸದೇ ಇರುವುದಕ್ಕೆ ಬೇರೆ ಲೋಟವೇ ಬೇಕಾಗಿಲ್ಲ.

ಬಾಲೂ ಅವರ ಕಥೆಗೆ ಮರಳುತ್ತೇನೆ.

ಪುಣೆಯ ಹಿಂದೂ ಆಟಗಾರರಿಗೂ ಯುರೋಪಿಯನ್ನರನ್ನು ಸೋಲಿಸಬೇಕೆಂಬ ಆಸೆ ಇತ್ತು. ಅದಕ್ಕೆ ಬಾಲೂ ಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಅಸ್ಪೃಶ್ಯ ಎಂದು ಕರೆಸಿಕೊಂಡವನ ಜೊತೆ ಆಡಬಹುದೇ ಎಂದು ತಂಡದೊಳಗೆ ದೊಡ್ಡ ವಾದವಾಯಿತು. ಕೊನೆಗೆ ಸೇರಿಸಿಕೊಂಡರು. ಮೈದಾನದಲ್ಲಿ ಎಲ್ಲರೂ ಅದೇ ಚೆಂಡನ್ನು ಮುಟ್ಟಿದರು. ಆದರೆ ಚಹಾ ವಿರಾಮದಲ್ಲಿ ಉಳಿದವರು ಪೆವಿಲಿಯನ್ ಒಳಗೆ ಪಿಂಗಾಣಿ ಕಪ್‌ನಲ್ಲಿ ಕುಡಿದರೆ, ಬಾಲೂಗೆ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಿದ್ದರು. ಊಟವೂ ಬೇರೆ ತಟ್ಟೆಯಲ್ಲಿ, ಬೇರೆ ಜಾಗದಲ್ಲಿ. ಮತ್ತೆ ಆಟ ಶುರುವಾದಾಗ ಅದೇ ಬಾಲೂ ಕೈಗೆ ಚೆಂಡು ಕೊಟ್ಟು ವಿಕೆಟ್ ತೆಗೆ ಎನ್ನುತ್ತಿದ್ದರು.

ಬಾಲೂ ವಿಕೆಟ್ ತೆಗೆಯುತ್ತಲೇ ಹೋದರು. ಸಾತಾರಾದಲ್ಲಿ ಯುರೋಪಿಯನ್ನರ ಜಿಮ್ಖಾನಾ ವಿರುದ್ಧ ಏಳು ವಿಕೆಟ್ ಪಡೆದು ಗೆಲ್ಲಿಸಿದ ನಂತರ ಪುಣೆಯಲ್ಲಿ ಅವರಿಗೆ ಸನ್ಮಾನವಾಯಿತು. ಸಮಾಜ ಸುಧಾರಕರೂ ನ್ಯಾಯಾಧೀಶರೂ ಆಗಿದ್ದ ಮಹಾದೇವ ಗೋವಿಂದ ರಾನಡೆ ಅವರು, ಜೊತೆಗೆ ಆಡುವವರು ಜೊತೆಗೆ ಕುಳಿತು ಊಟ ಮಾಡುವುದರಲ್ಲಿ ತಪ್ಪೇನಿದೆ ಎಂಬ ಅರ್ಥದಲ್ಲಿ ಆಟಗಾರರನ್ನು ಬಹಿರಂಗವಾಗಿ ಕೇಳಿದರು.

1896ರಲ್ಲಿ ಪುಣೆಗೆ ಪ್ಲೇಗ್ ಬಂತು. ಬಾಲೂ ಬೊಂಬಾಯಿಗೆ ಹೋದರು. ಅಲ್ಲಿ ರೈಲ್ವೆ ಕಂಪನಿಯಲ್ಲಿ ಕೆಲಸ ಮಾಡುತ್ತ ಅದರ ತಂಡಕ್ಕೂ, ಹಿಂದೂ ಜಿಮ್ಖಾನಾ ತಂಡಕ್ಕೂ ಆಡಿದರು. ಅಲ್ಲಿಯೂ ಮೊದಲು ವಿರೋಧವಿತ್ತು. 1906ರ ಫೆಬ್ರವರಿಯಲ್ಲಿ ಹಿಂದೂ ತಂಡ ಬೊಂಬಾಯಿಯಲ್ಲಿ ಯುರೋಪಿಯನ್ನರನ್ನು ಎದುರಿಸಿತು. ಹಿಂದೂ ತಂಡ 242 ಮತ್ತು 160 ರನ್ ಮಾಡಿತು. ಯುರೋಪಿಯನ್ನರು 191 ಮತ್ತು 102ಕ್ಕೆ ಔಟಾದರು. 109 ರನ್‌ಗಳ ಗೆಲುವು. ಬಾಲೂ ಎರಡೂ ಇನಿಂಗ್ಸ್ ಸೇರಿ ಎಂಟು ವಿಕೆಟ್ ಪಡೆದರು. ತಮ್ಮ ಶಿವರಾಮ್ ಕೂಡ ಆ ತಂಡದಲ್ಲಿದ್ದರು. ಅಷ್ಟು ಹೊತ್ತಿಗೆ ಜಿಮ್ಖಾನಾದಲ್ಲಿ ಈ ಸಹೋದರರು ಉಳಿದವರ ಜೊತೆ ಕುಳಿತು ಊಟ ಮಾಡುವಂತಾಗಿತ್ತು. ಹೊರಗಿನ ಮಣ್ಣಿನ ಕುಡಿಕೆಯಿಂದ ಒಳಗಿನ ಊಟದ ಮೇಜಿನವರೆಗೆ ಬಂದ ಈ ಬದಲಾವಣೆಯನ್ನು ಇಂಡಿಯನ್ ಸೋಶಿಯಲ್ ರಿಫಾರ್ಮರ್ ಎಂಬ ಪತ್ರಿಕೆ ಆಗಲೇ ಮೆಚ್ಚಿ ಬರೆಯಿತು.

1911ರಲ್ಲಿ ಮೊದಲ ಬಾರಿಗೆ ಅಖಿಲ ಭಾರತ ತಂಡವೊಂದು ಇಂಗ್ಲೆಂಡ್ ಪ್ರವಾಸಕ್ಕೆ ಹೋಯಿತು. ನಾಯಕ ಪಟಿಯಾಲದ ಯುವ ಮಹಾರಾಜ ಭೂಪಿಂದರ್ ಸಿಂಗ್. ತಂಡದಲ್ಲಿ ಹಿಂದೂಗಳು, ಮುಸ್ಲಿಮರು, ಪಾರ್ಸಿಗಳು ಇದ್ದರು. ಅಲಿಗಢ ಕಾಲೇಜಿನಲ್ಲಿ ಕ್ರಿಕೆಟ್ ಕಲಿತವರೂ ಇದ್ದರು. ನಮ್ಮ ಬೆಂಗಳೂರಿನ ಬಿ. ಜಯರಾಂ ಕೂಡ ಇದ್ದರು. ಮಹಾರಾಜರು ಕೆಲವು ಪಂದ್ಯಗಳ ನಂತರ ತಂಡವನ್ನು ಬಿಟ್ಟು ಹೋದರು. ತಂಡ ಹೆಚ್ಚಿನ ಪಂದ್ಯಗಳಲ್ಲಿ ಸೋತಿತು. ಆದರೂ ಲೀಸ್ಟರ್‌ಶೈರ್ ಮತ್ತು ಸಾಮರ್‌ಸೆಟ್ ಕೌಂಟಿಗಳನ್ನು ಸೋಲಿಸಿತು. ಬಾಲೂಗೆ ಆಗ 35 ವರ್ಷ. ಭುಜದ ನೋವಿದ್ದರೂ ಬೌಲಿಂಗ್ ಬಿಡಲಿಲ್ಲ. ಪ್ರವಾಸದ ಎಲ್ಲ ಪಂದ್ಯಗಳೂ ಸೇರಿ 114 ವಿಕೆಟ್ ಪಡೆದರು. ಊರಿಗೆ ಮರಳಿದಾಗ ಬೊಂಬಾಯಿಯ ದಲಿತ ಸಮುದಾಯ ಅವರನ್ನು ಸನ್ಮಾನಿಸಿತು. ಯುವಕ ಭೀಮರಾವ್ ಅಂಬೇಡ್ಕರ್ ಅವರ ಅಭಿಮಾನಿಗಳಲ್ಲಿ ಒಬ್ಬರಾಗಿದ್ದರು.

ಬೊಂಬಾಯಿಯ ಈ ಪಂದ್ಯಾವಳಿಗೆ 1912ರಲ್ಲಿ ಮುಸ್ಲಿಂ ತಂಡವೂ ಸೇರಿ ಅದು ಚತುಷ್ಕೋನ ಪಂದ್ಯಾವಳಿಯಾಯಿತು. ಧರ್ಮದ ಹೆಸರಿನಲ್ಲಿ ತಂಡ ಕಟ್ಟುವುದು ಇಂದು ನಮಗೆ ವಿಚಿತ್ರ ಅನ್ನಿಸುತ್ತದೆ. ಆದರೆ ಆಗ ಇಡೀ ದೇಶ ಎದುರು ನೋಡುತ್ತಿದ್ದ ಪಂದ್ಯಾವಳಿ ಅದೇ.

ಇಷ್ಟೆಲ್ಲ ಆದ ಮೇಲೂ ಒಂದು ಬಾಗಿಲು ಮುಚ್ಚಿಯೇ ಇತ್ತು. ಅದು ನಾಯಕತ್ವ. ಅನುಭವದಲ್ಲಿ ಬಾಲೂ ಎಲ್ಲರಿಗಿಂತ ಹಿರಿಯರಾಗಿದ್ದರು. ಆದರೂ 1913ರಲ್ಲಿ ಹಿಂದೂ ತಂಡಕ್ಕೆ ಎಂ. ಡಿ. ಪೈ ಅವರನ್ನು ನಾಯಕನನ್ನಾಗಿ ಮಾಡಿದರು. ಇಲ್ಲಿ ಪೈ ಅವರು ಮಾಡಿದ ಒಂದು ಕೆಲಸ ನನಗೆ ಬಹಳ ಹಿಡಿಸಿತು. ತಮ್ಮನ್ನು ಅಭಿನಂದಿಸಲು ಸೇರಿದ್ದ ಸಭೆಯಲ್ಲೇ, ಈ ಗೌರವ ಬಾಲೂ ಅವರಿಗೆ ಸಲ್ಲಬೇಕಿತ್ತು ಎಂದು ಹೇಳಿದರು. ಆದರೆ ಆಯ್ಕೆ ಮಾಡುವವರು ಕೇಳಿಸಿಕೊಳ್ಳಲಿಲ್ಲ. ಒಂದಾದ ಮೇಲೊಂದು ವರ್ಷ ಬಾಲೂ ವಿಕೆಟ್ ಪಡೆಯುತ್ತಿದ್ದರು, ನಾಯಕ ಮಾತ್ರ ಬೇರೆಯವರು.

1920ರಲ್ಲಿ ವಿಷಯ ಸ್ಫೋಟಿಸಿತು. ಆ ವರ್ಷ ಬಾಲೂ ಅವರನ್ನು ತಂಡದಿಂದ ಕೈಬಿಟ್ಟರು. ಪೈ ಅವರಿಗೆ ಅನಾರೋಗ್ಯ ಇದ್ದುದರಿಂದ ಬೇರೆ ನಾಯಕ ಬೇಕಾಯಿತು. ಬಾಲೂ ಅವರ ಇನ್ನೊಬ್ಬ ತಮ್ಮ ವಿಠಲ್ ಆಗ ಒಳ್ಳೆಯ ಬ್ಯಾಟ್ಸ್‌ಮನ್ ಎಂದು ಹೆಸರು ಮಾಡಿದ್ದರು, ಅನುಭವವೂ ಇತ್ತು. ಆದರೆ ಅವರಿಗಿಂತ ಕಿರಿಯ ಆಟಗಾರ ಡಿ. ಬಿ. ದೇವಧರ್ ಅವರನ್ನು ನಾಯಕನನ್ನಾಗಿ ಮಾಡಿದರು. ವಿಠಲ್ ಮತ್ತು ಶಿವರಾಮ್ ಇಬ್ಬರೂ ತಂಡದಿಂದ ಹೊರಬಂದರು. ಹೊರಬಂದ ಕಾರಣವನ್ನು ಹೇಳಿಕೆಯಾಗಿ ಪತ್ರಿಕೆಗಳಿಗೂ ಕೊಟ್ಟರು. ತಂಡದಲ್ಲಿ ಆಡುವಾಗ ಆಟಗಾರರು, ನಾಯಕತ್ವ ಬಂದಾಗ ಜಾತಿಯವರು ಎಂಬ ಈ ನಡೆಯನ್ನು ಒಪ್ಪಲು ಸಾಧ್ಯವಿಲ್ಲ ಎಂಬುದು ಅದರ ಸಾರ.

ಊರ ತುಂಬ ಚರ್ಚೆಯಾಯಿತು. ಅಸ್ಪೃಶ್ಯತೆಯ ವಿರುದ್ಧ ಗಾಂಧೀಜಿ ಮಾತನಾಡುತ್ತಿದ್ದ ಕಾಲ ಅದು. ಅನೇಕರು ಸಹೋದರರ ಪರ ನಿಂತರು. ಪಾರ್ಸಿಗಳ ವಿರುದ್ಧದ ಫೈನಲ್‌ಗೆ ಪೈ ಮರಳಿ ನಾಯಕರಾದರು, ಸಹೋದರರೂ ತಂಡಕ್ಕೆ ಬಂದರು, ಬಾಲೂ ಉಪನಾಯಕರಾದರು. ಪಂದ್ಯದ ಮಧ್ಯೆ ಪೈ ಸ್ವಲ್ಪ ಹೊತ್ತು ಮೈದಾನದಿಂದ ಹೊರಗೆ ಹೋದರು. ಅಷ್ಟು ಹೊತ್ತು ಹಿಂದೂ ತಂಡವನ್ನು ಬಾಲೂ ನಡೆಸಿದರು. ಇಡೀ ಜೀವನದಲ್ಲಿ ಅವರಿಗೆ ಆ ಪಂದ್ಯಾವಳಿಯಲ್ಲಿ ಸಿಕ್ಕ ನಾಯಕತ್ವ ಅಷ್ಟೇ.

ಮೂರು ವರ್ಷಗಳ ನಂತರ, 1923ರಲ್ಲಿ, ವಿಠಲ್ ಹಿಂದೂ ತಂಡದ ನಾಯಕರಾದರು. ಆ ವರ್ಷ ತಂಡ ಫೈನಲ್‌ನಲ್ಲಿ ಯುರೋಪಿಯನ್ನರನ್ನು ಸೋಲಿಸಿ ಪಂದ್ಯಾವಳಿ ಗೆದ್ದಿತು. ಅಣ್ಣನಿಗೆ ಹೊರಗೆ ಚಹಾ ಕೊಟ್ಟ ಆಟದಲ್ಲಿ ತಮ್ಮನನ್ನು ಮೇಲ್ಜಾತಿಯ ಜನರೇ ಹೆಗಲ ಮೇಲೆ ಹೊತ್ತು ಮೆರೆಸಿದರು.

ಬಾಲೂ ಮುಂದೆ ಸಾರ್ವಜನಿಕ ಜೀವನಕ್ಕೂ ಬಂದರು. ಅಂಬೇಡ್ಕರ್ ಅವರ ಮಾರ್ಗವನ್ನು ಅವರು ಎಲ್ಲ ವಿಷಯದಲ್ಲೂ ಒಪ್ಪಲಿಲ್ಲ. 1937ರ ಬೊಂಬಾಯಿ ಶಾಸನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ ಪರವಾಗಿ ಅಂಬೇಡ್ಕರ್ ಅವರ ವಿರುದ್ಧವೇ ನಿಂತು ಸುಮಾರು 2000 ಮತಗಳಿಂದ ಸೋತರು. ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ. ಆ ಹೊತ್ತಿಗೆ ಬಾಲೂ ಅವರ ಆಟದ ವಯಸ್ಸು ಮುಗಿದಿತ್ತು, ಆದ್ದರಿಂದ ಟೆಸ್ಟ್ ದಾಖಲೆಗಳಲ್ಲಿ ಅವರ ಹೆಸರಿಲ್ಲ. ಪ್ರಥಮ ದರ್ಜೆಯ 33 ಪಂದ್ಯಗಳಲ್ಲಿ 179 ವಿಕೆಟ್, ಪ್ರತಿ ವಿಕೆಟ್‌ಗೆ ಕೊಟ್ಟದ್ದು ಸರಾಸರಿ 15 ರನ್ ಎಂಬ ಲೆಕ್ಕ ಉಳಿದಿದೆ. 1955ರ ಜುಲೈ 4ರಂದು ಬೊಂಬಾಯಿಯಲ್ಲಿ ತೀರಿಕೊಂಡರು.

ತಂಡದ ಆಟ ಶಿಸ್ತು ಕಲಿಸುತ್ತದೆ, ಸೋಲು ಗೆಲುವನ್ನು ಸಮನಾಗಿ ನೋಡಲು ಕಲಿಸುತ್ತದೆ ಎಂದು ನಾವು ಭಾಷಣ ಸ್ಪರ್ಧೆಗಳಲ್ಲಿ ಹೇಳುತ್ತೇವೆ. ಬಾಲೂ ಅವರ ಬದುಕು ಓದಿದ ಮೇಲೆ ನನಗೆ ಅನ್ನಿಸುವುದು, ಆಟ ತಾನಾಗಿ ಏನನ್ನೂ ಕಲಿಸುವುದಿಲ್ಲ. ಪುಣೆಯ ಆ ತಂಡ ವರ್ಷಗಟ್ಟಲೆ ಬಾಲೂ ಜೊತೆ ಆಡಿ ಗೆದ್ದಿತು, ಆದರೂ ಕುಡಿಕೆ ಹೊರಗೇ ಇತ್ತು. ಬದಲಾವಣೆ ಬಂದದ್ದು ಕೆಲವರು ಕೆಲಸ ಮಾಡಿದ್ದರಿಂದ. ರಾನಡೆ ಎಲ್ಲರೆದುರು ಪ್ರಶ್ನೆ ಕೇಳಿದರು. ಪೈ ತನಗೆ ಸಿಕ್ಕ ಗೌರವ ಯಾರದೆಂದು ಹೇಳಿದರು. ವಿಠಲ್ ಮತ್ತು ಶಿವರಾಮ್ ಆಡುವ ಅವಕಾಶವನ್ನೇ ಬಿಟ್ಟು ಹೊರಬಂದರು. ಬಾಲೂ ಸ್ವತಃ ತಮ್ಮ ಬೌಲಿಂಗ್ ಎಂದೂ ಕಡಿಮೆ ಮಾಡಲಿಲ್ಲ. ಸಿಟ್ಟಿನಿಂದ ಒಂದು ಚೆಂಡನ್ನೂ ಬೇಕೆಂದೇ ಕೆಟ್ಟದಾಗಿ ಎಸೆಯದೇ ಇರುವುದು ಎಷ್ಟು ಕಷ್ಟ ಎಂದು ಮೈದಾನಕ್ಕೆ ಇಳಿದವರಿಗೆ ಗೊತ್ತು.

ಜನವರಿಯಲ್ಲಿ ಕಾಲೇಜು ಶುರುವಾದ ಮೊದಲ ದಿನ ನಾನು ಆ ಹುಡುಗನ ಹತ್ತಿರ ಹೋಗಿ, ದೇವನಹಳ್ಳಿಗೆ ನಿನ್ನನ್ನು ಆಡಿಸಬೇಕಿತ್ತು, ತಪ್ಪು ನನ್ನದು ಎಂದು ಹೇಳಿದೆ. ತಂಡದ ಎಲ್ಲರೂ ಇದ್ದಾಗಲೇ ಹೇಳಿದೆ. ಪೈ ಅವರು ಸಭೆಯಲ್ಲಿ ಹೇಳಿದ್ದರಲ್ಲ, ಅದು ನೆನಪಿನಲ್ಲಿತ್ತು. ಅವನು ನಾಚಿಕೊಂಡು ನಕ್ಕ. ಕೈಬಿಟ್ಟದ್ದಕ್ಕಿಂತ, ಯಾಕೆ ಎಂದು ಯಾರೂ ಹೇಳದೇ ಇದ್ದದ್ದು ಬೇಸರವಾಗಿತ್ತು ಎಂದ. ನನ್ನ ತರಗತಿಯ ಗೆಳೆಯನಿಗೆ ನನ್ನ ಮೇಲೆ ಒಂದು ವಾರ ಕೋಪವಿತ್ತು. ಈಗ ಇಲ್ಲ.

ಈಗ ನಮ್ಮ ನೆಟ್‌ನಲ್ಲಿ ಬ್ಯಾಟಿಂಗ್ ಸರದಿ ಬಸ್ಸಿನ ಸಮಯ ನೋಡಿ ಶುರುವಾಗುತ್ತದೆ. ಬೇಗ ಹೋಗಬೇಕಾದವರು ಮೊದಲು ಆಡುತ್ತಾರೆ. ದೊಡ್ಡಬಳ್ಳಾಪುರ ಪೇಟೆಯಲ್ಲೇ ಮನೆ ಇರುವ ನಾನು ಕೊನೆಯವನು. ಸ್ಟಂಪ್ ನೆಡುವುದು, ಕಿಟ್ ಹೊರುವುದು ವಾರಕ್ಕೆ ಇಬ್ಬರಂತೆ ಎಲ್ಲರ ಪಾಳಿ, ನಾಯಕನದೂ ಸೇರಿ. ಆ ಹುಡುಗನ ಬ್ಯಾಟಿಂಗ್ ಹೇಗಿದೆ ಎಂದು ಕೆಲವರು ಕೇಳುತ್ತಾರೆ. ಸದ್ಯಕ್ಕೆ ಅಷ್ಟಕ್ಕಷ್ಟೇ. ನಾಲ್ಕು ತಿಂಗಳು ಬ್ಯಾಟ್ ಮುಟ್ಟದವನ ಆಟ ಹೇಗಿರಬೇಕೋ ಹಾಗಿದೆ, ಆದರೆ ವಾರದಿಂದ ವಾರಕ್ಕೆ ಸುಧಾರಿಸುತ್ತಿದೆ. ಬೌಲಿಂಗ್‌ನಲ್ಲಿ ಮಾತ್ರ ಅವನು ಮೊನ್ನೆಯೂ ನನ್ನ ಮಧ್ಯದ ಸ್ಟಂಪ್ ಎಗರಿಸಿದ.

ನಾವು ದ್ವಿತೀಯ ಪಿಯು ಹುಡುಗರು ಇನ್ನು ಕೆಲವೇ ವಾರಗಳಲ್ಲಿ ಪರೀಕ್ಷೆ ಬರೆದು ಹೊರಟುಹೋಗುತ್ತೇವೆ. ಮುಂದಿನ ವರ್ಷ ತಂಡ ಆರಿಸುವವರಿಗೆ ನನ್ನದು ಒಂದೇ ವಿನಂತಿ. ಪಟ್ಟಿ ಬರೆಯುವ ಮೊದಲು, ದಿನವೂ ಯಾರು ಬೌಲಿಂಗ್ ಮಾಡಿದರು, ಯಾರಿಗೆ ಬ್ಯಾಟ್ ಸಿಗಲೇ ಇಲ್ಲ ಎಂದು ಒಂದು ಸಲ ನೋಡಿ. ಇದು ಖೋಖೋ, ವಾಲಿಬಾಲ್ ತಂಡಗಳಿಗೂ, ವಾರ್ಷಿಕೋತ್ಸವದ ಸಮಿತಿಗೂ, ಲ್ಯಾಬ್‌ನಲ್ಲಿ ಗುಂಪಾಗಿ ಪ್ರಯೋಗ ಮಾಡುವವರಿಗೂ ಅನ್ವಯಿಸುತ್ತದೆ. ಬಾಲೂ ಅವರ ಹೆಸರು ಕೇಳಿಲ್ಲದವರು ನಮ್ಮ ಗ್ರಂಥಾಲಯದಲ್ಲಿ ಕೇಳಿ ಓದಿ. ಸರ್ ನನಗೆ ಹೇಳಿದ್ದನ್ನೇ ನಾನೂ ನಿಮಗೆ ಹೇಳುತ್ತಿದ್ದೇನೆ. ಕ್ರಿಕೆಟ್ ಆಡುವವರು ಆ ಹೆಸರು ತಿಳಿದಿರಬೇಕು.